ಕೌದಿಯ ಹಿಂಬದಿ

2018ರ ಜುಲೈ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನ ಒಂದು ಕೋಣೆಯಲ್ಲಿ, ಗೋಡೆಗೆ ತೂಗುಹಾಕಿದ್ದ ಕೌದಿಯೊಂದರ ಮುಂದೆ ನಿಂತಿದ್ದೆ. ಅಲ್ಲಿ ಅದನ್ನು ಕ್ವಿಲ್ಟ್ ಅನ್ನುತ್ತಾರೆ. ನನಗೆ ಕೌದಿ ಅಲ್ಲದೆ ಬೇರೆ ಮಾತು ಬಾಯಿಗೆ ಬರುವುದಿಲ್ಲ. ನಡುವೆ ಉರಿಯುವ ಬಣ್ಣಗಳ ಕಾರ್ಡರಾಯ್ ಎಂಬ ಗೀರುಗೀರಾದ ದಪ್ಪ ಬಟ್ಟೆಯ ಪಟ್ಟಿಗಳು, ಸುತ್ತ ಅಗಲವಾಗಿ ಬಿಳಿಚಿಕೊಂಡ ನೀಲಿ ಡೆನಿಮ್. ಹೊಲದಲ್ಲಿ ತೊಟ್ಟು ಸವೆಸಿದ ಪ್ಯಾಂಟುಗಳ ಡೆನಿಮ್. ಪಕ್ಕದ ಚೀಟಿಯಲ್ಲಿ ಹೆಸರು: ಆನ್ನೀ ಮೇ ಯಂಗ್, 1976. ಓದಿ ಮುಗಿಸುವ ಹೊತ್ತಿಗೆ ನನ್ನ ಕೈ ತಾನಾಗಿ ಮುಂದೆ ಹೋಗಿತ್ತು. ಅಂಚು ಹಿಡಿದು ಮಗುಚಿ ಹಿಂಬದಿ ನೋಡಬೇಕಿತ್ತು, ಅಷ್ಟೇ. ಕಾವಲಿಗಿದ್ದ ಹಿರಿಯ ಕಪ್ಪು ಹೆಂಗಸು ಎರಡು ಹೆಜ್ಜೆ ಮುಂದೆ ಬಂದು, ಗದರಿಸದೆ, 'ಮುಟ್ಟಬಾರದು' ಅಂದರು. ನಾನು ಕ್ಷಮೆ ಕೇಳಿದೆ. ಅವರು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: 'ದಿನಾ ನಾಲ್ಕಾರು ಜನ ಹೀಗೆ ಕೈ ಚಾಚ್ತಾರೆ. ಪೇಂಟಿಂಗ್ ಕಡೆ ಯಾರೂ ಚಾಚಲ್ಲ. ಇವುಗಳ ಕಡೆ ಮಾತ್ರ.'

ಕೌದಿ ಹೊದ್ದು ಬೆಳೆದವರಿಗೆ ಆ ಕೈ ಯಾಕೆ ಹೋಯಿತು ಅಂತ ಬಿಡಿಸಿ ಹೇಳಬೇಕಿಲ್ಲ. ನಮ್ಮ ಅಜ್ಜಿ ಯಾರ ಮನೆಯಲ್ಲಿ ಕೌದಿ ಕಂಡರೂ ಮೊದಲು ಮೂಲೆ ಎತ್ತಿ ತಿರುವುತ್ತಿದ್ದಳು. 'ಮ್ಯಾಲ ಬಣ್ಣ ಕಾಣತೈತಿ, ಕೆಳಗ ಕೈ ಕಾಣತೈತಿ' ಅನ್ನುತ್ತಿದ್ದಳು. ಹೊಲಿಗೆ ಎಲ್ಲಿ ಒತ್ತಾಗಿದೆ, ಎಲ್ಲಿ ದೂರದೂರ ಬಿದ್ದಿದೆ, ಯಾವ ಸಾಲಿನ ಹೊತ್ತಿಗೆ ಬೆಳಕು ಹೋಗಿತ್ತು, ಎಲ್ಲಿ ಮಗು ಅತ್ತು ಎದ್ದು ಹೋಗಿದ್ದಾರೆ, ಎಲ್ಲವನ್ನೂ ಅವಳು ಹಿಂಬದಿಯಲ್ಲಿ ಓದುತ್ತಿದ್ದಳು. ಇಳಕಲ್ಲಿನ ಹತ್ತಿರದ ನಮ್ಮೂರಲ್ಲಿ ಸುಗ್ಗಿ ಮುಗಿದು ಬಿಸಿಲು ಏರಿದ ಮೇಲೆ ಪಡಸಾಲೆಯಲ್ಲಿ ಕೌದಿ ಹಾಸುತ್ತಿದ್ದರು. ಹರಿದ ಇಳಕಲ್ ಸೀರೆ, ಅಜ್ಜನ ಧೋತರ, ಗುಳೇದಗುಡ್ಡದ ಖಣದ ಕುಬಸದ ತುಂಡು, ಮಕ್ಕಳ ಗಿಡ್ಡವಾದ ಅಂಗಿ. ಹೊಲಿಯಲು ಒಬ್ಬ ಹೆಂಗಸು ಬರುತ್ತಿದ್ದಳು. ಅಜ್ಜಿ ಅವಳ ಎದುರು ಕೂತು ತುಂಡು ಆರಿಸಿಕೊಡುವಳು, ನಡುನಡುವೆ ತಾನೂ ಸೂಜಿ ಹಿಡಿಯುವಳು. ಕೊನೆಯ ಮೂಲೆ ಮುಚ್ಚುವ ಮುಂಚೆ ನಾಲ್ಕು ಜೋಳದ ಕಾಳು ಒಳಗೆ ಹಾಕಿ, 'ಹೊಟ್ಟಿ ಖಾಲಿ ಇರಬಾರ್ದು' ಅನ್ನುವಳು. ಆ ಕಾಳು ಎಲ್ಲಿದೆ ಅಂತ ರಾತ್ರಿ ಕತ್ತಲಲ್ಲಿ ಬೆರಳಿನಿಂದ ತಡಕಾಡುತ್ತಾ ನಾನು ನಿದ್ದೆ ಹೋಗುತ್ತಿದ್ದೆ.

ಮ್ಯೂಸಿಯಮ್ಮಿನಿಂದ ಹೊರಬಂದ ಮೇಲೆ ಆ ನೋಡಲಾಗದ ಹಿಂಬದಿ ನನ್ನನ್ನು ಬಿಡಲಿಲ್ಲ. ಅಂದಿನಿಂದ ಇಂದಿನವರೆಗೆ ಆ ಕೌದಿಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಾ ಬಂದಿದ್ದೇನೆ.

ಮೂರು ಕಡೆ ನದಿ

ಅವು ಬಂದಿರುವ ಊರು ಅಲಬಾಮಾ ರಾಜ್ಯದ ಜೀಸ್ ಬೆಂಡ್. ಅಲಬಾಮಾ ನದಿ ಅಲ್ಲಿ ಕುದುರೆ ಲಾಳದ ಹಾಗೆ ಬಳಸಿಕೊಂಡು ಹರಿಯುತ್ತದೆ, ಆ ಬಳಸಿನೊಳಗೆ ಊರು. ಜೋಸೆಫ್ ಜೀ ಎಂಬ ಭೂಮಾಲೀಕ 1816ರಲ್ಲಿ ಅಲ್ಲಿ ಹತ್ತಿ ತೋಟ ಹಾಕಿದ. 1845ರಲ್ಲಿ ಅದು ಮಾರ್ಕ್ ಪೆಟ್‌ವೇ ಎಂಬುವನ ಕೈಗೆ ಬಂತು. ಅವನು ತನ್ನ ನೂರರಷ್ಟು ಗುಲಾಮರನ್ನು ಉತ್ತರ ಕ್ಯಾರೊಲಿನಾದಿಂದ ಅಲ್ಲಿಗೆ ನಡೆಸಿಕೊಂಡೇ ಕರೆತಂದ. ಇವತ್ತಿಗೂ ಆ ಊರಿನ ಬಹಳ ಮನೆಗಳ ಅಡ್ಡಹೆಸರು ಪೆಟ್‌ವೇ. ಮ್ಯೂಸಿಯಮ್ಮಿನ ಚೀಟಿಗಳಲ್ಲಿ ಲೂಸಿ ಪೆಟ್‌ವೇ, ಲೊರೆಟ್ಟಾ ಪೆಟ್‌ವೇ ಅಂತ ಒಂದರ ಹಿಂದೊಂದು ಓದುವಾಗ ಇವರೆಲ್ಲ ಒಂದೇ ಮನೆತನದವರೇನೋ ಅಂದುಕೊಂಡಿದ್ದೆ. ಅದು ಅವರ ಹಿರಿಯರಿಗೆ ಒಡೆಯನಾಗಿದ್ದವನ ಹೆಸರು ಅಂತ ತಿಳಿದ ದಿನ, ಆ ಚೀಟಿಗಳನ್ನು ಮನಸ್ಸಿನಲ್ಲಿ ಮತ್ತೆ ಮೊದಲಿನಿಂದ ಓದಿದೆ.

ಗುಲಾಮಗಿರಿ ಹೋದ ಮೇಲೂ ಭೂಮಿ ಅವರದಾಗಲಿಲ್ಲ. ಪಾಲಿಗೆ ಉಳುವುದು, ಸಾಲ ಮಾಡುವುದು, ಹತ್ತಿ ಬಂದಾಗ ತೀರಿಸುವುದು, ಮತ್ತೆ ಸಾಲ. ಹತ್ತಿಯ ಬೆಲೆ ನೆಲಕಚ್ಚಿತು. 1932ರಲ್ಲಿ ಸಾಲ ಕೊಟ್ಟ ವ್ಯಾಪಾರಿ ತೀರಿಕೊಂಡ. ವಸೂಲಿಗೆ ಬಂದವರು ಮನೆಮನೆಗೆ ನುಗ್ಗಿ ಹೇಸರಗತ್ತೆ, ಹಸು, ನೇಗಿಲು, ಕಣಜದ ಜೋಳ ಎಲ್ಲವನ್ನೂ ಹೊತ್ತುಕೊಂಡು ಹೋದರು. ಆ ಚಳಿಗಾಲ ಊರು ಬದುಕಿದ್ದು ರೆಡ್‌ಕ್ರಾಸ್ ಹಂಚಿದ ಹಿಟ್ಟಿನ ಮೇಲೆ. 1937ರಲ್ಲಿ ಆರ್ಥರ್ ರೋಥ್‌ಸ್ಟೀನ್ ಸರ್ಕಾರದ ಪರವಾಗಿ ಅಲ್ಲಿಗೆ ಹೋಗಿ ತೆಗೆದ ಒಂದು ಫೋಟೋ ಇದೆ. ದಿಮ್ಮಿಯ ಗೋಡೆ, ಗಾಜಿಲ್ಲದ ಕಿಟಕಿ, ಅದರಲ್ಲಿ ಹೊರಗೆ ನೋಡುತ್ತಾ ನಿಂತ ಹುಡುಗಿ. ಗಾಳಿ ತಡೆಯಲು ಕಿಟಕಿಯ ಬಾಗಿಲಿಗೆ ಅಂಟಿಸಿದ ಪತ್ರಿಕೆಯಲ್ಲಿ ಜಾಹೀರಾತಿನ ಬಿಳಿ ಹೆಂಗಸೊಬ್ಬಳು ತಿನಿಸಿನ ತಟ್ಟೆ ಹಿಡಿದು ನಗುತ್ತಿದ್ದಾಳೆ. ಮುಂದೆ ಸರ್ಕಾರ ಭೂಮಿ ಕೊಂಡು ಕಡಿಮೆ ಬಡ್ಡಿಯಲ್ಲಿ ಆ ಕುಟುಂಬಗಳಿಗೇ ಮಾರಿತು. ದಕ್ಷಿಣದ ಎಷ್ಟೋ ಕಪ್ಪು ಹಳ್ಳಿಗಳು ಖಾಲಿಯಾಗಿ ಜನ ಉತ್ತರದ ನಗರಗಳಿಗೆ ಗುಳೆ ಹೋದಾಗ ಇವರಲ್ಲಿ ಬಹಳ ಮಂದಿ ಉಳಿದದ್ದು ಆ ಭೂಮಿಯಿಂದ. ತಾಯಿಯ ಕೈಯ ಹೊಲಿಗೆ ಮಗಳ ಕೈಗೆ, ಮೊಮ್ಮಗಳ ಕೈಗೆ ಅದೇ ಊರಿನಲ್ಲಿ ದಾಟಿದ್ದೂ ಅದರಿಂದಲೇ.

ಆ ಮನೆಗಳಲ್ಲಿ ಕೌದಿ ಹೊದೆಯಲಿಕ್ಕೆ ಬೇಕು, ಹಾಸಲಿಕ್ಕೆ ಬೇಕು, ಗೋಡೆಯ ಸಂದಿಗೆ ತುರುಕಲಿಕ್ಕೂ ಬೇಕು. ಹೊಸ ಬಟ್ಟೆ ಎಲ್ಲಿಯದು? ಹಿಟ್ಟಿನ ಚೀಲ, ರಸಗೊಬ್ಬರದ ಚೀಲ, ಸವೆದ ಪ್ಯಾಂಟು. ಕೆಲಸದ ಬಟ್ಟೆಯ ಕೌದಿಗಳನ್ನು ಹತ್ತಿರದಿಂದ ನೋಡಿದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಬಿಳಿಚಿದ ಡೆನಿಮ್ಮಿನ ನಡುವೆ ಅಲ್ಲಲ್ಲಿ ಗಾಢ ನೀಲಿಯ ಚೌಕ. ಅದು ಜೇಬು ಇದ್ದ ಜಾಗ. ಜೇಬು ಕಿತ್ತಾಗ ಬಿಸಿಲು ಕಾಣದ ಬಟ್ಟೆ ಹೊರಗೆ ಬಂದಿದೆ. ಮೊಣಕಾಲು ಊರಿದ ಕಡೆ ಬಟ್ಟೆ ಬೆಳ್ಳಗೆ, ಜೇಬಿನ ಕೆಳಗೆ ಕಡುನೀಲಿ. ಕಲೆ ಸಮಾಜವನ್ನು ಬಿಂಬಿಸುತ್ತದೆ ಎಂಬ ಮಾತನ್ನು ಕಾಲೇಜಿನಿಂದ ಕೇಳುತ್ತಾ ಬಂದಿದ್ದೇನೆ. ಇಲ್ಲಿ ಬಿಂಬ ಎಲ್ಲಿದೆ? ಹತ್ತಿಹೊಲದ ಚಿತ್ರ ಯಾರೂ ಬರೆದಿಲ್ಲ. ಹತ್ತಿಹೊಲದ ಬಿಸಿಲೇ ಬಟ್ಟೆಯೊಳಗಿದೆ.

1942ರಲ್ಲಿ ಮಿಸೂರಿ ಪೆಟ್‌ವೇ ಎಂಬಾಕೆಯ ಗಂಡ ತೀರಿಕೊಂಡ. ಆಕೆ ಅವನ ಪ್ಯಾಂಟಿನ ಕಾಲು, ಅಂಗಿಯ ತುದಿ, ಇದ್ದಬದ್ದ ಬಟ್ಟೆಯನ್ನೆಲ್ಲ ಹರಿದು ಒಂದೇ ಒಂದು ಕೌದಿಗೆ ಆಗುವಷ್ಟು ಹೊಂದಿಸಿದಳು. ಹರಿಯಲು ಜೊತೆಗೆ ಕೂತ ಮಗಳು ಆರ್ಲೋಂಜಿಯಾ ಎಷ್ಟೋ ದಶಕಗಳ ನಂತರ ತಾಯಿಯ ಮಾತನ್ನು ನೆನಪಿಸಿಕೊಂಡಿದ್ದಾಳೆ: ಅವನ ನೆನಪಿಗಾಗಿ ಈ ಬಟ್ಟೆಗೆ ಕೌದಿಯ ರೂಪ ಕೊಡುತ್ತೇನೆ, ಪ್ರೀತಿಗಾಗಿ ಅದರ ಕೆಳಗೆ ಮಲಗುತ್ತೇನೆ ಎಂಬರ್ಥದ ಮಾತು. ಇದನ್ನು ಓದಿದಾಗ ಅಜ್ಜ ಹೋದ ವರ್ಷದ ನಮ್ಮನೆ ಕಣ್ಣ ಮುಂದೆ ಬಂತು. ಅಜ್ಜನ ಧೋತರವನ್ನು ಯಾರಿಗೂ ದಾನ ಕೊಡಲು ಅಜ್ಜಿ ಒಪ್ಪಿರಲಿಲ್ಲ.

ದೋಣಿ ಮತ್ತು ಅಂಚೆಚೀಟಿ

ಜೀಸ್ ಬೆಂಡಿನಿಂದ ನದಿಯ ಆಚೆ ದಡಕ್ಕಿರುವ ಕ್ಯಾಮ್ಡನ್ ಪಟ್ಟಣ ತಾಲೂಕು ಕಚೇರಿ ಇದ್ದ ಹಾಗೆ. ಮತದಾರರ ಪಟ್ಟಿಗೆ ಹೆಸರು ಬರೆಸಬೇಕಾದರೆ ಅಲ್ಲಿಗೇ ಹೋಗಬೇಕು. ಕಪ್ಪು ಜನ ದೋಣಿ ದಾಟಿ ಹೆಸರು ಬರೆಸಲು ಹೊರಟಾಗ, 1962ರಲ್ಲಿ, ದೋಣಿ ನಿಂತುಹೋಯಿತು. ಕೆಲವೇ ನಿಮಿಷಗಳ ನದಿ ದಾಟುವ ಬದಲು ಸುತ್ತುಬಳಸಿ ಅರವತ್ತು ಕಿಲೋಮೀಟರಿಗೂ ಹೆಚ್ಚಿನ ದಾರಿ. 1965ರ ಫೆಬ್ರವರಿಯಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಆ ಊರಿಗೆ ಬಂದು ಮಾತಾಡಿದರು. ಮೂರು ವರ್ಷದ ನಂತರ ಅಟ್ಲಾಂಟಾದಲ್ಲಿ ಅವರ ಶವಪೆಟ್ಟಿಗೆಯ ಬಂಡಿ ಎಳೆದದ್ದು ಜೀಸ್ ಬೆಂಡಿನ ಹೇಸರಗತ್ತೆಗಳು ಅನ್ನುತ್ತಾರೆ. ಹೆಸರು ಬರೆಸಿದ ತಪ್ಪಿಗೆ ಆ ಸೀಮೆಯಲ್ಲಿ ಎಷ್ಟೋ ಜನ ಕೆಲಸ, ಮನೆ ಕಳೆದುಕೊಂಡರು. ಅಂಥ ಹೊತ್ತಿನಲ್ಲಿ, 1966ರಲ್ಲಿ, ಹೆಂಗಸರು ಸೇರಿ ಫ್ರೀಡಂ ಕ್ವಿಲ್ಟಿಂಗ್ ಬೀ ಎಂಬ ಸಹಕಾರಿ ಸಂಘ ಕಟ್ಟಿದರು. ಕೌದಿಗಳು ನ್ಯೂಯಾರ್ಕಿನಲ್ಲಿ ಹರಾಜಾದವು. 1972ರಲ್ಲಿ ಸಿಯರ್ಸ್ ಕಂಪನಿಗೆ ಕಾರ್ಡರಾಯ್ ದಿಂಬಿನ ಗವುಸು ಹೊಲಿಯುವ ಗುತ್ತಿಗೆ ಸಿಕ್ಕಿತು. ಕತ್ತರಿಸಿ ಉಳಿದ ತುಂಡುಗಳು ಊರಿನ ಮನೆಗಳಿಗೆ ಹೋದವು. ಎಪ್ಪತ್ತರ ದಶಕದ ಕೌದಿಗಳಲ್ಲಿ ಕಾರ್ಡರಾಯ್ ಇಷ್ಟೊಂದು ಕಾಣುವುದಕ್ಕೆ ಅದೇ ಕಾರಣ. ನಾನು ನೋಡಿದ್ದ ಆ ಉರಿಯುವ ಬಣ್ಣಗಳ ಕಡೆಗೆ ಇದನ್ನು ಓದಿದ ಮೇಲೆ ಬೇರೆ ಕಣ್ಣು ಹೊರಳಿತು.

ಆಮೇಲಿನ ಕಥೆ ಕಲೆಯ ಬಗ್ಗೆ ಓದುವವರಿಗೆ ಗೊತ್ತಿರುವುದೇ. ವಿಲಿಯಂ ಆರ್ನೆಟ್ ಎಂಬ ಸಂಗ್ರಾಹಕ ಒಂದು ಫೋಟೋದಲ್ಲಿ ಸೌದೆಯ ರಾಶಿಯ ಮೇಲೆ ಹರಡಿದ್ದ ಆನ್ನೀ ಮೇ ಯಂಗಳ ಕೌದಿ ಕಂಡು ಊರು ಹುಡುಕಿಕೊಂಡು ಹೋದರು. 2002ರಲ್ಲಿ ಹ್ಯೂಸ್ಟನ್ನಿನಲ್ಲಿ, ನಂತರ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂನಲ್ಲಿ ಪ್ರದರ್ಶನವಾಯಿತು. ನ್ಯೂಯಾರ್ಕ್ ಟೈಮ್ಸ್‌ನ ವಿಮರ್ಶಕ ಮೈಕೆಲ್ ಕಿಮ್ಮೆಲ್‌ಮನ್ ಇವನ್ನು ಅಮೆರಿಕ ಕೊಟ್ಟ ಆಧುನಿಕ ಕಲೆಯ ಅತ್ಯಂತ ಪವಾಡಸದೃಶ ಕೃತಿಗಳಲ್ಲಿ ಸೇರಿಸಿ, ಮ್ಯಾಟೀಸ್, ಕ್ಲೀ ಹೆಸರು ತೆಗೆದರು. ಆ ಹೊಗಳಿಕೆ ಪ್ರಾಮಾಣಿಕವಾದದ್ದು, ನನಗೂ ಸಂತೋಷ ಕೊಟ್ಟದ್ದು. ಆದರೂ ಒಂದು ಕಡೆ ಚುಚ್ಚುತ್ತದೆ. ಈ ಕೌದಿಗಳಿಗೆ ಬೆಲೆ ಬರಲು ಯುರೋಪಿನ ಚಿತ್ರಕಾರರ ಹೆಸರು ಯಾಕೆ ಬೇಕಾಯಿತು? ಲೊರೆಟ್ಟಾ ಪೆಟ್‌ವೇ ತನಗೆ ಹೊಲಿಯುವುದು ಇಷ್ಟವೇ ಇರಲಿಲ್ಲ, ಮಕ್ಕಳಿಗೆ ಚಳಿ, ಬೇರೆ ದಾರಿ ಇರಲಿಲ್ಲ ಎಂದು ಹೇಳಿಕೊಂಡಿದ್ದಾಳೆ. ಬೇಡದ ಕೆಲಸವನ್ನು ಕಷ್ಟಕ್ಕಾಗಿ ಮಾಡಿದ ಅದೇ ಕೈಗೆ 2015ರಲ್ಲಿ ರಾಷ್ಟ್ರೀಯ ಪರಂಪರೆಯ ಗೌರವ ಬಂತು. ಹಾಗಾದರೆ ಆ ಸೌಂದರ್ಯ ಚಳಿಯಿಂದ ಹುಟ್ಟಿತೇ? ಹಾಗೆ ಹೇಳಲು ನನಗೆ ಮನಸ್ಸಿಲ್ಲ. ಬಡತನ ಕೌದಿ ಹೊಲಿಸುತ್ತದೆ, ಚೆಂದ ಹೊಲಿಸುವುದಿಲ್ಲ. ಚಳಿಗೆ ಯಾವ ತುಂಡು ಎಲ್ಲಿ ಬಿದ್ದರೂ ಆದೀತು. ಕೆಂಪಿನ ಪಕ್ಕ ಆ ಕಂದನ್ನೇ ಇಟ್ಟವಳ ಕಣ್ಣು ಅವಳದೇ ಆಗಿತ್ತು, ಅದನ್ನು ಸಾಲ ಕೊಟ್ಟ ಯಾವನೂ ಹೊತ್ತುಕೊಂಡು ಹೋಗಲಾಗಲಿಲ್ಲ.

2006ರಲ್ಲಿ ಅಮೆರಿಕದ ಅಂಚೆ ಇಲಾಖೆ ಹತ್ತು ಜೀಸ್ ಬೆಂಡ್ ಕೌದಿಗಳನ್ನು ಅಂಚೆಚೀಟಿ ಮಾಡಿತು. ಅದೇ 2006ರಲ್ಲಿ ದೋಣಿ ಮತ್ತೆ ಶುರುವಾಯಿತು, 44 ವರ್ಷದ ನಂತರ. ಎರಡೂ ಒಂದೇ ವರ್ಷ ಆದದ್ದು ನನ್ನನ್ನು ಬಹಳ ದಿನ ಕಾಡಿದೆ. ಕೌದಿ ಹ್ಯೂಸ್ಟನ್, ನ್ಯೂಯಾರ್ಕ್ ಸುತ್ತಿ ಬರುತ್ತಿದ್ದ ವರ್ಷಗಳಲ್ಲಿ ಅದನ್ನು ಹೊಲಿದವಳು ಎದುರು ದಡಕ್ಕೆ ಹೋಗಲು ಒಂದು ಗಂಟೆ ಸುತ್ತಬೇಕಿತ್ತು. ಮರುವರ್ಷ ಕೆಲವು ಹೆಂಗಸರು ಹಣ ಮತ್ತು ಹಕ್ಕಿನ ವಿಷಯವಾಗಿ ಕೋರ್ಟಿಗೂ ಹೋದರು. ಆ ವ್ಯಾಜ್ಯ 2008ರಲ್ಲಿ ಬಗೆಹರಿಯಿತು.

ಹೊಲಿದವರು ಯಾರು

ಅಮೆರಿಕ ಒಂದು ಕೌದಿ ಎಂಬ ಮಾತನ್ನು ನಾನು ನ್ಯೂಜೆರ್ಸಿಗೆ ವಾಸಕ್ಕೆ ಬಂದ ಹೊಸದರಲ್ಲೇ ಕೇಳಿದ್ದೆ. ಮಗಳ ಶಾಲೆಯ ಗೋಡೆಯ ಮೇಲೂ ಬಣ್ಣದ ಕಾಗದದಲ್ಲಿ ಅದೇ ಇತ್ತು, ಒಂದೊಂದು ಚೌಕಕ್ಕೆ ಒಂದೊಂದು ದೇಶದ ಬಾವುಟ. ಆ ಹೋಲಿಕೆಗೆ ಬಲ ಬಂದದ್ದು ಕಪ್ಪು ಜನರ ನಾಯಕ ಜೆಸ್ಸಿ ಜ್ಯಾಕ್ಸನ್ 1984ರಲ್ಲಿ ಡೆಮಾಕ್ರಟಿಕ್ ಪಕ್ಷದ ಸಮಾವೇಶದಲ್ಲಿ ಮಾಡಿದ ಭಾಷಣದಿಂದ: ಅಮೆರಿಕ ಒಂದೇ ಬಣ್ಣದ ಒಂದೇ ಹೊದಿಕೆಯಲ್ಲ, ಹಲವು ತುಂಡು, ಹಲವು ಬಣ್ಣ, ಒಂದೇ ದಾರ. ನಾಲ್ಕು ವರ್ಷದ ನಂತರದ ಭಾಷಣದಲ್ಲಿ ಅವರು ತಮ್ಮ ಅಜ್ಜಿಯನ್ನು ತಂದರು. ಕಂಬಳಿ ಕೊಳ್ಳಲಾಗದ ಅಜ್ಜಿ ಬೂಟು ಒರೆಸಲೂ ಆಗದ ಚಿಂದಿಗಳನ್ನು ಗಟ್ಟಿ ಕೈಯಿಂದ ಹೊಲಿದು ಮಕ್ಕಳನ್ನು ಚಳಿಯಿಂದ ಕಾಪಾಡಿದಳು. ನನಗೆ ಆ ಎರಡನೆಯ ಭಾಷಣ ಹೆಚ್ಚು ನಿಜ ಅನಿಸುತ್ತದೆ, ಯಾಕೆಂದರೆ ಅದರಲ್ಲಿ ಹೊಲಿಯುವವಳು ಇದ್ದಾಳೆ, ಚಳಿಯೂ ಇದೆ. ಶಾಲೆಯ ಗೋಡೆಯ ಕಾಗದದ ಕೌದಿಯಲ್ಲಿ ಅವೆರಡೂ ಇಲ್ಲ. ಅಲ್ಲಿ ತುಂಡುಗಳು ತಾವಾಗಿಯೇ ಬಂದು ಖುಷಿಯಿಂದ ಪಕ್ಕಪಕ್ಕ ಕೂತಿವೆ.

ಇದರ ಜೊತೆಗೇ ಒಂದು ಮಾತು. ಗುಲಾಮರು ಓಡಿಹೋಗುವ ದಾರಿಯ ಗುರುತನ್ನು ಕೌದಿಯ ವಿನ್ಯಾಸದಲ್ಲಿ ಗುಟ್ಟಾಗಿ ಹೊಲಿಯುತ್ತಿದ್ದರು ಎಂಬ ಕಥೆ ಇಲ್ಲಿ ಬಹಳ ಜನಪ್ರಿಯ. ಮಗಳ ತರಗತಿಯಲ್ಲೂ ಹೇಳಿದ್ದರು. ಇತಿಹಾಸಕಾರರು ಇದಕ್ಕೆ ಆಧಾರವಿಲ್ಲ ಅನ್ನುತ್ತಾರೆ. ಕಥೆ ಸುಂದರವಾಗಿದೆ, ಬಿಡಲು ನನಗೂ ಕಷ್ಟವಾಯಿತು. ಆದರೆ ಆ ಹೆಂಗಸರು ಬೆಚ್ಚಗೆ ಮಲಗಬೇಕೆಂದು ಹೊಲಿದರು ಎಂಬುದಷ್ಟೇ ಯಾಕೆ ನಮಗೆ ಸಾಲುವುದಿಲ್ಲ?

ಜಾರ್ಜಿಯಾದ ಹ್ಯಾರಿಯೆಟ್ ಪವರ್ಸ್ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಗುಲಾಮಳಾಗಿ 1837ರಲ್ಲಿ ಹುಟ್ಟಿದವಳು, ಬೈಬಲ್ಲಿನ ಕಥೆಗಳನ್ನು ಬಟ್ಟೆಯ ತುಂಡುಗಳಲ್ಲಿ ಕತ್ತರಿಸಿ ಕೂರಿಸಿದಳು. 1886ರಲ್ಲಿ ಜಾತ್ರೆಯೊಂದರಲ್ಲಿ ಅದನ್ನು ಕಂಡು ಜೆನ್ನಿ ಸ್ಮಿತ್ ಎಂಬ ಚಿತ್ರಕಲಾ ಶಿಕ್ಷಕಿ ಕೇಳಿದಾಗ ಮಾರುವುದಿಲ್ಲ ಅಂದಳು. ಕೆಲವು ವರ್ಷದ ನಂತರ ಕಷ್ಟ ಬಂತು. ಹತ್ತು ಡಾಲರ್ ಕೇಳಿದಳು, ಐದು ಸಿಕ್ಕಿತು. ಕೊಡುವ ಮೊದಲು ಒಂದೊಂದು ಚಿತ್ರದ ಅರ್ಥವನ್ನೂ ಆ ಶಿಕ್ಷಕಿಗೆ ಬಿಡಿಸಿ ಹೇಳಿದಳು, ಆಕೆ ಬರೆದುಕೊಂಡಳು. ಆಮೇಲೂ ಹ್ಯಾರಿಯೆಟ್ ತನ್ನ ಕೌದಿಯನ್ನು ನೋಡಲು ಹಲವು ಸಲ ಅವಳ ಮನೆಗೆ ಬಂದು ಹೋದಳು. ಇವತ್ತು ಅದು ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್‌ನಲ್ಲಿದೆ. ಮಾರಿದ ಕೌದಿಯನ್ನು ನೋಡಲು ಮತ್ತೆ ಮತ್ತೆ ಬಂದು ಬಾಗಿಲು ತಟ್ಟುವ ಆ ಹೆಂಗಸನ್ನು ನೆನೆದಾಗಲೆಲ್ಲ ಗಂಟಲು ಕಟ್ಟುತ್ತದೆ.

ಯಲ್ಲಾಪುರದಿಂದ ಹಾರ್ಲೆಮ್ಮಿಗೆ

ನಮ್ಮ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನ ಸಿದ್ದಿಯರ ಹಿರಿಯರೂ ಆಫ್ರಿಕದವರು. ಅವರಲ್ಲಿ ಬಹಳ ಮಂದಿಯನ್ನು ಪೋರ್ಚುಗೀಸರು ಗೋವಾಕ್ಕೆ ಗುಲಾಮರನ್ನಾಗಿ ತಂದರು, ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರು. ಸಿದ್ದಿ ಹೆಂಗಸರು ಕವಂದಿ ಹೊಲಿಯುತ್ತಾರೆ. ಅಂಚಿನಿಂದ ಶುರುಮಾಡಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗೆ ತ್ರಿಕೋನದ ಮಡಿಕೆಯ ಹೂವು ಇಡದಿದ್ದರೆ ಕವಂದಿ ಬರಿಮೈಯಲ್ಲಿದ್ದ ಹಾಗೆ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹೆನ್ರಿ ಡ್ರೂವಲ್ ಇವರ ನಡುವೆ ಕೆಲಸ ಮಾಡಿ, 2011ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್ ಬಡಾವಣೆಯ ಶಾಂಬರ್ಗ್ ಕೇಂದ್ರದಲ್ಲಿ ಈ ಕವಂದಿಗಳ ಪ್ರದರ್ಶನ ಮಾಡಿಸಿದರು. ಕಪ್ಪು ಅಮೆರಿಕದ ನೆನಪಿನ ಉಗ್ರಾಣದಂತಿರುವ ಜಾಗ ಅದು. ಆಗ ನಾನು ನ್ಯೂಜೆರ್ಸಿಗೆ ಬಂದು ಆರು ತಿಂಗಳಾಗಿತ್ತು. ಒಂದು ರೈಲು, ಒಂದು ಸಬ್‌ವೇ ದೂರದಲ್ಲಿ ಯಲ್ಲಾಪುರದ ಕವಂದಿ ತೂಗುತ್ತಿತ್ತು. ನನಗೆ ಗೊತ್ತೇ ಆಗಲಿಲ್ಲ.

ಜೀಸ್ ಬೆಂಡಿನ ಕೌದಿಗೂ ಸಿದ್ದಿಯರ ಕವಂದಿಗೂ ಆಫ್ರಿಕದ ಒಂದೇ ಬೇರು ಅಂದುಬಿಡಲು ಮನಸ್ಸು ಹಾತೊರೆಯುತ್ತದೆ. ಆದರೆ ನಮ್ಮ ಲಿಂಗಾಯತ, ಕುರುಬ, ಮುಸಲ್ಮಾನ ಮನೆಗಳ ಕೌದಿಯಲ್ಲೂ ಅದೇ ಎಳೆಹೊಲಿಗೆ, ಅದೇ ಮೂಲೆ. ಹಳೆಬಟ್ಟೆ ಮತ್ತು ಚಳಿ ಇರುವ ಕಡೆಯಲ್ಲೆಲ್ಲ ಹೆಂಗಸರು ಈ ದಾರಿ ಕಂಡುಕೊಂಡಿದ್ದಾರೆ. ಹಾಗಾಗಿ ಬೇರಿನ ಮಾತನ್ನು ಅಲ್ಲಿಗೇ ನಿಲ್ಲಿಸುತ್ತೇನೆ. ಹಾರ್ಲೆಮ್ಮಿನ ಆ ಪ್ರದರ್ಶನದಲ್ಲಿ ಯಾರಾದರೂ ಒಬ್ಬರು ಕವಂದಿಯ ಕಡೆ ಕೈ ಚಾಚಿರುತ್ತಾರೆ ಅನ್ನುವುದರಲ್ಲಿ ಮಾತ್ರ ನನಗೆ ಅನುಮಾನವಿಲ್ಲ.

ಬೂದು ತುಂಡು

ಹೋದ ವರ್ಷ ಊರಿಗೆ ಹೋದಾಗ ಅಜ್ಜಿಯ ಕೌದಿಯನ್ನು ಟ್ರಂಕಿನಿಂದ ತೆಗೆದು ತಂದೆ. ಸೂಟ್‌ಕೇಸಿನ ಅರ್ಧ ಜಾಗ ಅದಕ್ಕೇ ಹೋಯಿತು, ಅಮ್ಮ ಕಟ್ಟಿಟ್ಟಿದ್ದ ಶೇಂಗಾ ಚಟ್ನಿಯನ್ನೂ ಬಿಟ್ಟುಬಂದೆ. ಇಲ್ಲಿ ಮಂಚದ ಮೇಲೆ ಹಾಸಿ, ಅಜ್ಜಿಯ ಹಾಗೆ ಮೂಲೆ ಎತ್ತಿ ತಿರುವಿ ಹಾಕಿದೆ. ಜೋಳದ ಕಾಳು ಬೆರಳಿಗೆ ಸಿಕ್ಕಲಿಲ್ಲ, ಇಷ್ಟು ವರ್ಷಕ್ಕೆ ಪುಡಿಯಾಗಿರಬೇಕು. ಮಗಳಿಗೆ ಒಂದೊಂದೇ ತುಂಡು ತೋರಿಸಿದೆ: ಇದು ಅಜ್ಜಿಯ ಮದುವೆ ಸೀರೆಯ ಸೆರಗು, ಇದು ಮಾಮನ ಶಾಲೆಯ ಚಡ್ಡಿ, ಇದು ಅಜ್ಜನ ಧೋತರ. ಹಿಂಬದಿಯ ಒಂದು ಮೂಲೆಯಲ್ಲಿ ಅಂಗೈ ಅಗಲದ ಬೂದು ಬಣ್ಣದ ಒರಟು ತುಂಡು ಇತ್ತು. ಅದು ಯಾರದೆಂದು ನನಗೆ ಹೊಳೆಯಲಿಲ್ಲ. ಫೋಟೋ ತೆಗೆದು ಅಮ್ಮನಿಗೆ ಕಳಿಸಿ ಫೋನ್ ಮಾಡಿದೆ.

'ಅದು ನಮ್ಮದಲ್ಲ' ಅಂದಳು ಅಮ್ಮ. 'ಮೂಲಿಗೆ ಅರಿವಿ ಸಾಲಲಿಲ್ಲ. ಹೊಲಿಯಾಕಿ ತನ್ನ ಸೀರಿ ಸೆರಗನ್ಯಾಗಿಂದು ಒಂದು ತುಣುಕು ಹರದು ಹಾಕಿದ್ಲು.'

ಮೆಟ್ರೊಪಾಲಿಟನ್ನಿನ ಗೋಡೆಯ ಮೇಲಿದ್ದ ಚೀಟಿ ನೆನಪಾಯಿತು. ಆನ್ನೀ ಮೇ ಯಂಗ್, 1976. ನಮ್ಮ ಪಡಸಾಲೆಗೆ ಪ್ರತಿ ಬೇಸಿಗೆ ಬಂದು, ನಮ್ಮ ರೊಟ್ಟಿ ಉಂಡು, ಜೋಳ ಅಳೆಸಿಕೊಂಡು ಹೋಗುತ್ತಿದ್ದ ಆ ಹೆಂಗಸಿನ ಮುಖ ನೆನಪು ಮಾಡಿಕೊಳ್ಳಲು ನೋಡಿದೆ. ಕೈ ಮಾತ್ರ ಕಂಡಿತು, ಹಚ್ಚೆ ಹಾಕಿಸಿದ್ದ ಕೈ. ಇಷ್ಟು ವರ್ಷ ನಾನು ಇದನ್ನು ಅಜ್ಜಿ ಹೊಲಿದ ಕೌದಿ ಅಂತಲೇ ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ.

'ಆಕಿ ಹೆಸರು ಏನವ್ವಾ?'

ಅಮ್ಮ ಬಹಳ ಹೊತ್ತು ಸುಮ್ಮನಿದ್ದಳು. 'ಹೆಸರಾ? ಕೌದಿ ಹೊಲಿಯಾಕಿ ಅಂತಿದ್ವಿ' ಅಂದಳು. ಆಮೇಲೆ, 'ಚಿಕ್ಕವ್ವನ್ನ ಕೇಳಿ ನೋಡ್ತೀನಿ ತಡಿ' ಅಂದಳು.